ಬೇವಿನ ಮರ ಹಿಡಿದ ತುದಿ

“ಅಜ್ಜಾ, ಇಲ್ಲ ಅಂದವಳು ಮರುದಿನ ನಗುತ್ತಾ ರೊಟ್ಟಿ ಕೊಟ್ಟರೆ ಏನರ್ಥ?” ಎಂದು ಅಡಿವೆಪ್ಪ ಕೇಳಿದ.

ಅಡಿವೆಪ್ಪ ಮಠದ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸುವ ಶಿಷ್ಯ. ರೊಟ್ಟಿ ಬಡಿದು ಅವನ ಕೈಗೆ ಕೊಡುವವಳು ನೀಲವ್ವ. ಎರಡು ವರ್ಷದಿಂದ ಇದೇ ಕೆಲಸ. ನಿನ್ನೆ ಅವನು ಮನಸ್ಸಿನ ಮಾತು ಹೇಳಿದ್ದ, ಅವಳು ಇಲ್ಲ ಎಂದಿದ್ದಳು. ಇಂದು ಎಂದಿನಂತೆಯೇ ನಕ್ಕಿದ್ದಳು. ಆ ನಗು ಅವನನ್ನು ನಿಲ್ಲಲೂ ಬಿಡಲಿಲ್ಲ, ಕೂರಲೂ ಬಿಡಲಿಲ್ಲ. ಬಟ್ಟೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡೇ ಬಂದಿದ್ದ.

“ಇನ್ನೊಮ್ಮೆ ಕೇಳಲೋ, ಊರು ಬಿಡಲೋ?”

ಗುರು ರಾಚಯ್ಯಜ್ಜ ನಕ್ಕರು. “ತಕ್ಕವನ ಹತ್ತಿರವೇ ಬಂದೆ. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ. ಈ ಆರು ವೈರಿಗಳಲ್ಲಿ ಐದನ್ನು ನಾನು ಒಂದೇ ದಿನ, ಊಟಕ್ಕೆ ಮುಂಚೆ ಮುಗಿಸಿದವನು. ಮದವನ್ನಂತೂ ನನ್ನಷ್ಟು ಚೆನ್ನಾಗಿ ಗೆದ್ದವನು ಈ ಸೀಮೆಯಲ್ಲೇ ಇಲ್ಲ.”

“ಆರನೆಯದು?”

“ಗಂಟು ಕೆಳಗಿಡು. ಕತೆ ಕೇಳು.”

ಅವನು ಗಂಟು ಇಡಲಿಲ್ಲ. ಗುರುಗಳು ಕತೆ ಹೇಳಿದರು.

ಒಂದು ಕೇರಿಯಲ್ಲಿ ಒಬ್ಬ ನೇಕಾರನಿದ್ದ. ಅಲ್ಲಿ ಸೀರೆಯ ಹಾಸಿನ ನೂಲನ್ನು, ಅಂದರೆ ಮಗ್ಗಕ್ಕೇರಿಸುವ ಉದ್ದನೆಯ ಎಳೆಗಳನ್ನು, ಬೆಳಗ್ಗೆ ಬೀದಿಯುದ್ದಕ್ಕೂ ಚಾಚುತ್ತಿದ್ದರು. ಒಂದು ತುದಿಯ ಕೋಲನ್ನು ಅವನು ಹಿಡಿಯುತ್ತಿದ್ದ, ಇನ್ನೊಂದು ತುದಿಯನ್ನು ಒಬ್ಬ ನೇಕಾರತಿ. ನಡುವೆ ಉಳಿದವರು ಗಂಜಿ ಬಳಿಯುತ್ತಿದ್ದರು. ನೂಲು ಒಣಗುವ ತನಕ ಇಬ್ಬರೂ ಬಿಗಿ ಬಿಡುವಂತಿಲ್ಲ.

ಅವನು ಜಗ್ಗಿದರೆ ಅವಳೂ ಜಗ್ಗುತ್ತಿದ್ದಳು. ಆ ಜಗ್ಗು ನಲವತ್ತು ಮಾರು ನೂಲಿನಲ್ಲಿ ಓಡಿ ಬಂದು ಅವನ ಅಂಗೈ ಮುಟ್ಟುತ್ತಿತ್ತು. ಅವನು ಅದನ್ನು ಉತ್ತರ ಎಂದುಕೊಂಡ. ಒಂದು ವರ್ಷ ಆ ಉತ್ತರದ ಮೇಲೆಯೇ ಬದುಕಿದ. ಆ ವರ್ಷ ಅವನು ಉಂಡದ್ದನ್ನು ಒಂದು ಗುಬ್ಬಿಗೆ ಹಾಕಿದ್ದರೆ ಗುಬ್ಬಿ ಸಾಲದೆಂದು ಜಗಳಕ್ಕೆ ಬರುತ್ತಿತ್ತು. ಕೊನೆಗೆ ಒಂದು ದಿನ ಬಾಯಿಬಿಟ್ಟು ಕೇಳಿದ.

ಅವಳು ಬೆರಗಾದಳು. “ನೀನು ಜಗ್ಗಿದಿ, ನಾನೂ ಜಗ್ಗಿದೆ. ಜಗ್ಗದಿದ್ದರ ನೂಲು ಮಣ್ಣಿಗೆ ಬೀಳತಿತ್ತಲ್ಲೋ ಯಣ್ಣಾ!”

ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ. ತಾನಿಲ್ಲದೆ ಅವಳ ಕೈ ಹೇಗೆ ಸೋಲುತ್ತದೋ ನೋಡೋಣವೆಂದು ಗೋಡೆಯ ಹಿಂದೆ ಅಡಗಿ ನಿಂತ. ಕೇರಿಯವರು ಅವನ ತುದಿಯನ್ನು ಬೇವಿನ ಮರಕ್ಕೆ ಕಟ್ಟಿದರು. ಅವಳು ತನ್ನ ತುದಿ ಹಿಡಿದು ಒಮ್ಮೆ ಜಗ್ಗಿದಳು. ಅದೇ ಜಗ್ಗು. ಬಿಗಿ ಸರಿಯಾಯಿತೆಂದು ನಕ್ಕಳು. ಅದೇ ನಗು.

ಅವನು ಹೋಗಿ ಮರವನ್ನು ಒದ್ದ. ಮರಕ್ಕೆ ಏನೂ ಆಗಲಿಲ್ಲ, ಹೆಬ್ಬೆರಳು ಊದಿತು. ಮೂರು ದಿನ ಕುಂಟುತ್ತಾ ತಿರುಗಿದ. ಆ ತಿರುಗಾಟವನ್ನು ನೆಟ್ಟಗೆ ಹಾಸಿದ್ದರೆ ಕಾಶಿಗೆ ಹೋಗಿ ಬರಬಹುದಿತ್ತು. ಆದರೆ ಅವನು ಕೇರಿಯನ್ನೇ ದಾಟಲಿಲ್ಲ.

ನಾಲ್ಕನೆಯ ದಿನ ಮತ್ತೆ ಗೋಡೆಯ ಹಿಂದೆ ಬಂದು ನಿಂತ. ಅಂದು ಬಿಸಿಲು ಜೋರಾಗಿತ್ತು, ಗಂಜಿ ಒಣಗುತ್ತಾ ಬಂದಂತೆ ನೂಲು ಸೆಟೆದುಕೊಂಡಿತು. ಅಂಥ ಹೊತ್ತಿನಲ್ಲಿ ಹಿಡಿದವನು ಬೆರಳಷ್ಟು ಸಡಿಲ ಬಿಡಬೇಕು. ಮರಕ್ಕೆ ಹಿಡಿಯುವುದು ಗೊತ್ತು, ಬಿಡುವುದು ಗೊತ್ತಿಲ್ಲ. ಎಳೆಗಳು ಪಟಪಟನೆ ಹರಿದವು. ಅವಳು ನೆಲದ ಮೇಲೆ ಕೂತು ಒಂದೊಂದಾಗಿ ಗಂಟು ಹಾಕತೊಡಗಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ.

ನೇಕಾರ ಗೋಡೆಯ ಹಿಂದಿನಿಂದ ಬಂದ. ಮರದಿಂದ ಕೋಲು ಬಿಚ್ಚಿ ಕೈಯಲ್ಲಿ ಹಿಡಿದ. ಅವಳು ಎದ್ದು ತನ್ನ ತುದಿ ಜಗ್ಗಿದಳು. ಅವನ ಎದೆ ಎಂದಿನಂತೆ ಹಾರಿತು. ಅದು ಹಾರಿಕೊಳ್ಳಲಿ ಎಂದು ಬಿಟ್ಟ. ಕೈಯನ್ನು ಮಾತ್ರ ಬೆರಳಷ್ಟು ಸಡಿಲಿಸಿದ.

ಎರಡು ವರ್ಷದ ಮೇಲೆ ಅವಳಿಗೆ ಬೇರೆ ಊರಿನಲ್ಲಿ ಮದುವೆ ಗೊತ್ತಾಯಿತು. ಅವಳ ಮದುವೆ ಸೀರೆಯ ಹಾಸನ್ನೂ ಆ ಬೀದಿಯಲ್ಲೇ ಚಾಚಿದರು. ಒಂದು ತುದಿಯನ್ನು ಅವನೇ ಹಿಡಿದ. ಒಂದೂ ಎಳೆ ಹರಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪ ಗಂಟನ್ನು ಯಾವಾಗಲೋ ಕೆಳಗಿಟ್ಟಿದ್ದ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅವನು ಎದ್ದು ಅತ್ತ ಎರಡು ಹೆಜ್ಜೆ ಇಟ್ಟವನು ತಿರುಗಿ ನಿಂತ.

“ಹಾಗಾದರೆ ಆ ನೇಕಾರ ಎಲ್ಲವನ್ನೂ ಗೆದ್ದನೇ ಅಜ್ಜಾ?”

“ಆರನೆಯದು ಉಳಿಯಿತಪ್ಪ, ಆ ಬೇವಿನ ಮರವನ್ನು ಕಂಡರೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.”