ತುಕ್ಕವ್ವನ ಛೂ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂದರೆ, ನಮಗೆ ಹೇಳಿದವರಿಗೆ ಹೇಳಿದವರೂ ಇದನ್ನು ಕಣ್ಣಾರೆ ಕಂಡವರಲ್ಲ. ಎರೆಹೊಲದ ಸೀಮೆಯ ಒಂದು ಊರಿನ ಹೊರಗೆ ಕುರಿಗಾರರ ಹಟ್ಟಿ ಇತ್ತಂತೆ. ಇತ್ತು ಅಂದರೂ ತಪ್ಪೇ, ಯಾಕಂದರೆ ಆ ಹಟ್ಟಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮಳೆ ಮುಗಿಯಿತು ಅಂದರೆ ಕುದುರೆಯ ಮೇಲೆ ಗಂಟುಮೂಟೆ, ಗಂಟಿನ ಮೇಲೆ ಕೋಳಿ, ಕೋಳಿಯ ಪಕ್ಕ ಕೂಸು. ಹಿಂಡು ಮುಂದೆ, ಮಂದಿ ಹಿಂದೆ. ಹೊಳೆ ದಾಟಿ ಆಚೆ ಸೀಮೆಯ ಹುಲ್ಲು ಮೇಯಿಸಿ, ಮುಗಿಲು ಮತ್ತೆ ಕಪ್ಪಾಗುವ ಹೊತ್ತಿಗೆ ತಿರುಗಿ ಬರುವುದು. ಅದೇ ಅವರ ಬದುಕು.

ಆ ಹಟ್ಟಿಯಲ್ಲಿ ತುಕ್ಕವ್ವ ಅಂತ ಒಬ್ಬಳಿದ್ದಳಂತೆ. ಅವಳ ಗಂಡ ಬರಮಪ್ಪ. ಒಂದು ವರ್ಷ, ತಪ್ಪಿಸಿಕೊಂಡ ಟಗರನ್ನು ಹುಡುಕಿ ತರುತ್ತೇನೆ ಅಂತ ಹೋದ. ಟಗರು ಮರುದಿನ ತಾನೇ ಬಂತು, ಅವನು ಬರಲಿಲ್ಲ. ತೋಳ ತಿಂದಿರಬೇಕು ಅಂದರು ಕೆಲವರು. ಯಾವುದೋ ಊರಲ್ಲಿ ಬೇರೆ ಮನೆ ಮಾಡಿರಬೇಕು ಅಂದರು ಕೆಲವರು. ಯಾರಿಗೆ ಗೊತ್ತು? ತಿರುಗುವ ಕಾಲು ಒಂದೊಂದು ದಾರಿ ಯಾಕೆ ಹಿಡಿಯುತ್ತದೆ ಅನ್ನುವುದು ಆ ಕಾಲಿಗೇ ಗೊತ್ತಿರುವುದಿಲ್ಲ. ಅವನು ಬಿಟ್ಟುಹೋದದ್ದು ಒಂದು ಹರಕು ಕಂಬಳಿ, ಮತ್ತೆ ಮರಿಯಿದ್ದಾಗ ಬೆರಳು ಚೀಪಿಸಿ ಸಾಕಿದ ಒಂದು ನಾಯಿ. ಆ ನಾಯಿಯ ಹೆಸರು ಸಿಡಿಲ.

ಸಿಡಿಲ ಸುಮ್ಮನಿರುವ ಜಾತಿಯದಲ್ಲ. ಯಾವ ಊರಿನ ಅಗಸಿಬಾಗಿಲು ಬಂದರೂ, ಅಲ್ಲಿನ ನಾಯಿ ಒಂದು ಬೊಗಳಿದರೆ ಸಾಕು, ಬೆನ್ನ ಮೇಲಿನ ಕೂದಲು ಎದ್ದು ನಿಲ್ಲುತ್ತಿತ್ತು. ಹಿಂಡು ಒಡೆದು ಓಡೇ ಬಿಡುತ್ತಿತ್ತು. ಜಗಳಕ್ಕೋ ಗೆಳೆತನಕ್ಕೋ, ಅದಕ್ಕೇ ತಿಳಿಯದು. ತನ್ನ ಒಡೆಯನನ್ನು ಹುಡುಕುತ್ತದೆ ಅಂತ ಹೆಂಗಸರು ಹೇಳುತ್ತಿದ್ದರಂತೆ. ತುಕ್ಕವ್ವ ಎಲ್ಲರೆದುರು ಅದನ್ನು ಬೈಯುತ್ತಿದ್ದಳು. ಆದರೆ ಊರು ಬಂದಾಗ ಅವಳ ಕುತ್ತಿಗೆಯೂ ಅತ್ತ ನೀಳವಾಗುತ್ತಿತ್ತು. ಕಟ್ಟೆಯ ಮೇಲೆ ಕೂತವರ ಮುಖ ಒಂದೊಂದಾಗಿ ನೋಡುತ್ತಿದ್ದಳು.

ಒಂದು ಸಲ ಸಿಡಿಲ ಹೀಗೆ ಓಡಿದಾಗ ಹಿಂಡು ಬೆದರಿ, ಗಬ್ಬದ ಎರಡು ಕುರಿ ಬಾವಿಗೆ ಬಿದ್ದವು. ಹಟ್ಟಿಯ ಹಿರಿಯ ಲಗಮಣ್ಣ. ಕೆಟ್ಟವನಲ್ಲ, ಆದರೆ ಮಾತು ಆಡಿದರೆ ಮುಗಿಯಿತು. ಹಿಂಡು ಒಡೆಯುವ ನಾಯಿಯನ್ನು ಹೊಳೆ ದಾಟಿಸಬಾರದು ಅಂತ ಅವರಲ್ಲಿ ಕಟ್ಟಳೆ.

“ತಂಗೀ, ಹೊಳಿಗೆ ಇನ್ನ ಮೂರು ಊರು ಅದಾವು,” ಅಂದನಂತೆ. “ಮತ್ತ ಓಡಿತಂದ್ರ ಈಚಿ ದಂಡ್ಯಾಗ ಬಿಟ್ಟು ಹೋಗೂದು. ಅಳಬ್ಯಾಡ ಆಮ್ಯಾಲ.”

ತುಕ್ಕವ್ವ ಅಳಲಿಲ್ಲ. ಯೋಚನೆ ಮಾಡಿದಳು. ನಾಯಿ ಓಡಿದಾಗ ಹಟ್ಟಿಯವರು ಏನು ಮಾಡುತ್ತಿದ್ದರು? ಬಡಿಗೆ ಹಿಡಿದು, ಹಚಾ ಹಚಾ ಅಂತ ಕೂಗುತ್ತ ಅದರ ಹಿಂದೆ ಓಡುತ್ತಿದ್ದರು. ಓಡಿದಷ್ಟೂ ಅದು ಜೋರಾಗುತ್ತಿತ್ತು. ಇಡೀ ಹಟ್ಟಿಯೇ ತನ್ನ ಬೆನ್ನಿಗೆ ಜಗಳಕ್ಕೆ ಬರುತ್ತಿದೆ ಅಂದುಕೊಳ್ಳುತ್ತಿತ್ತು, ಪಾಪ. ರೊಟ್ಟಿ ತೋರಿಸಿ ನೋಡಿದಳು. ಆ ಹೊತ್ತಿನಲ್ಲಿ ಅದರ ಕಣ್ಣಿಗೆ ರೊಟ್ಟಿ ಕಾಣುತ್ತಲೇ ಇರಲಿಲ್ಲ. ಅದರ ಕಿವಿಗೆ ಬೀಳುವ ಮಾತು ಒಂದೇ ಇತ್ತು. ಛೂ. ಬರಮಪ್ಪ ಮೊಲದ ಮೇಲೆ, ತೋಳದ ಮೇಲೆ ಬಿಡುವಾಗ ಹೇಳುತ್ತಿದ್ದ ಮಾತು.

ಆಗ ತುಕ್ಕವ್ವ ಗಂಡನ ಕಂಬಳಿ ತೆಗೆದಳಂತೆ. ಅದನ್ನು ಹೊದ್ದೇ ಅವಳು ಮಲಗುತ್ತಿದ್ದಳು. ಅವನ ಬೆವರಿನ ವಾಸನೆ ಇನ್ನೂ ಅದರಲ್ಲಿತ್ತಂತೆ. ಒಂದು ಗಳಿಗೆ ಮುಖಕ್ಕೆ ಒತ್ತಿಕೊಂಡಳು, ಆಮೇಲೆ ಉದ್ದಕ್ಕೆ ಹರಿದಳು. ಮೂರು ಎಳೆ ಜಡೆ ಹೆಣೆದು ತುದಿಗೆ ಗಂಟು ಹಾಕಿದಳು. ಗಂಟನ್ನು ನೆಲದ ಮೇಲೆ ಸರಸರ ಎಳೆದು, ಛೂ ಅಂದಳು. ಸಿಡಿಲ ಹಾರಿ ಕಚ್ಚಿತು. ಅವಳು ಜಗ್ಗಿದಳು, ಅದು ಜಗ್ಗಿತು. ಕಡೆಗೆ ಬಿಟ್ಟುಕೊಟ್ಟಳು. ಗೆದ್ದೆ ಅಂತ ಅದು ಕುಣಿಯಿತು, ಮತ್ತೆ ತಂದು ಅವಳ ಕೈಗೇ ತುರುಕಿತು.

ದಾರಿಯ ಊರುಗಳ ಹೊಲದಲ್ಲಿ ಗೊಬ್ಬರಕ್ಕಂತ ಎಂಟೆಂಟು ದಿನ ಕುರಿ ತರುಬಿ ನಿಲ್ಲಿಸುತ್ತಿದ್ದರು. ಆ ಬಿಡುವಿನಲ್ಲೆಲ್ಲ ಅವಳಿಗೆ ಇದೇ ಕೆಲಸ. ಮೊದಲು ಊರ ನಾಯಿಗಳು ಇರುವೆಯಷ್ಟು ಸಣ್ಣಗೆ ಕಾಣುವ ದೂರದಲ್ಲಿ. ಆಮೇಲೆ ಮೇಕೆಯಷ್ಟು ಕಾಣುವ ದೂರದಲ್ಲಿ. ಅದು ಅತ್ತ ನೋಡಬೇಕು, ಕಿವಿ ಎತ್ತಬೇಕು, ಬೆನ್ನ ಕೂದಲು ಏಳುವ ಮೊದಲೇ ಇವಳು ಛೂ ಅಂದು ಗಂಟು ಎಳೆದುಕೊಂಡು ಇತ್ತ ಓಡಬೇಕು. ಒಂದು ಉಸಿರು ತಡವಾದರೂ ಮುಗಿಯಿತು. ಎಷ್ಟೋ ಸಲ ತಡವಾಯಿತು.

ಪಕ್ಕದ ಗುಡಾರದ ದುಂಡವ್ವನಿಗೆ ನಗು. “ಯಕ್ಕಾ, ಗಂಡ ಹೋದ ಮ್ಯಾಲ ನಾಯಿ ಕೂಡ ಜಗ್ಗಾಟ ಚಾಲೂ ಮಾಡೀಯಲ್ಲ!”

“ನಿನ್ನ ಗಂಡ ಮನ್ಯಾಗಿದ್ರೂ ನಿನ್ನ ಕೂಡ ಆಡೂದಿಲ್ಲಲ್ಲ, ಅದಕ್ಕ ನಿನಗ ಹೊಟ್ಟಿಕಿಚ್ಚು,” ಅಂದಳಂತೆ ತುಕ್ಕವ್ವ.

ಮೊದಲ ಊರಲ್ಲಿ ಸಿಡಿಲ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂತು. ಎರಡನೆಯದರಲ್ಲಿ ಮೈಯೆಲ್ಲ ನಡುಗಿದರೂ ಹೋಗಲಿಲ್ಲ. ಮೂರನೆಯದು ಹೊಳೆದಂಡೆಯ ಊರು. ಸಂದಿಯಂಥ ಒಂದೇ ದಾರಿ, ಅದನ್ನು ಕಾಯುವ ಏಳು ನಾಯಿ. ಏಳಲ್ಲ, ಹದಿನಾಲ್ಕು ಅನ್ನುವವರೂ ಇದ್ದಾರೆ. ಸಂದಿಯ ಬಾಯಲ್ಲಿ ಅವು ಒಮ್ಮೆಗೇ ಮೈಮೇಲೆ ಬಂದವು. ಸಿಡಿಲನ ಬೆನ್ನ ಕೂದಲು ಎದ್ದಿತು. ತುಕ್ಕವ್ವನಿಗೆ ತಡವಾಗಿತ್ತು. ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು: “ಛೂ!”

ಲಗಮಣ್ಣ ಹಣೆ ಹಣೆ ಬಡಿದುಕೊಂಡ. “ಕೆಡಿಸಿದಳಪ್ಪೋ! ತಾನ ಛೂ ಬಿಟ್ಟಳಲ್ಲೋ!”

ಸಿಡಿಲ ಹಾರಿತು. ಆದರೆ ಹಾರಿದ್ದು ಇತ್ತ, ಅವಳ ಕೈಯ ಗಂಟಿಗೆ. ತುಕ್ಕವ್ವ ಜಗ್ಗುತ್ತ, ನಗುತ್ತ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಇಡೀ ಸಂದಿ ದಾಟಿದಳು. ಊರ ನಾಯಿಗಳು ಬೊಗಳಿ ಬೊಗಳಿ, ಎದುರು ನಿಲ್ಲುವವರೇ ಇಲ್ಲದೆ ಬಾಲ ಇಳಿಸಿದವು. ಕುರಿಗಳು ನೀರಿನಂತೆ ಹರಿದು ಹೊಳೆಗಿಳಿದವು. ಅವಳು ಹಾಗೇ ಹಿಂದೆ ಹಿಂದೆ ನಡೆದೇ ಹೊಳೆಯನ್ನೂ ದಾಟಿದಳು, ಮೊಣಕಾಲಿನ ಮೇಲೆ ನೀರು ಬರಲಿಲ್ಲ ಅಂತಾರೆ. ಅಂತಾರೆ.

ಆಚೆ ದಂಡೆ ಮುಟ್ಟಿದ ಮೇಲೆ, ದಾಟಿ ಬಂದ ಊರಿನಿಂದ ಒಂದು ಗಂಡುದನಿ ಕೇಳಿತು. ಯಾರೋ ದನ ಕರೆಯುತ್ತಿದ್ದರು. ದನಿ ಥೇಟು ಬರಮಪ್ಪನದು. ತುಕ್ಕವ್ವ ನಿಂತಲ್ಲೇ ತಿರುಗಿದಳು. ಮೊದಲಾಗಿದ್ದರೆ ಸಿಡಿಲ ಅವಳಿಗಿಂತ ಮುಂಚೆ ನೀರಿಗೆ ಹಾರಿರುತ್ತಿತ್ತು. ಈಗ ಅದು ತಲೆಯನ್ನೂ ತಿರುಗಿಸಲಿಲ್ಲ. ಗಂಟನ್ನು ಅವಳ ಕಾಲ ಹತ್ತಿರ ಇಟ್ಟು, ಅವಳ ಮುಖವನ್ನೇ ನೋಡುತ್ತ ಬಾಲ ಅಲ್ಲಾಡಿಸಿತು. ತುಕ್ಕವ್ವ ಉಸುಕಿನ ಮೇಲೆ ಕೂತಳಂತೆ. ಅಲ್ಲೀತನಕ ಕಾಯುವವರು ಇಬ್ಬರಿದ್ದರು. ಈಗ ಅವಳೊಬ್ಬಳೇ.

ದುಂಡವ್ವ ಬಂದು ಪಕ್ಕದಲ್ಲಿ ಕೂತಳು. ಆ ದನಿ ಅವಳಿಗೂ ಕೇಳಿತ್ತು. ಗಂಡನ ಹೆಸರು ಹೆಂಡತಿ ಬಾಯಿಂದ ಹೇಳಬಾರದ ಕಾಲ ಅದು. ಇಷ್ಟು ವರ್ಷ ತುಕ್ಕವ್ವ ಅವನನ್ನು ಒಮ್ಮೆಯೂ ಕೂಗಿ ಕರೆದಿರಲಿಲ್ಲ. ದುಂಡವ್ವ ಎದ್ದು ನಿಂತು, ಬಾಯಿಗೆ ಎರಡೂ ಕೈ ಹಚ್ಚಿ, “ಓ ಬರಮಪ್ಪಣ್ಣೋ!” ಅಂತ ಮೂರು ಸಲ ಕೂಗಿದಳಂತೆ. ಆಚೆಯಿಂದ ನಾಯಿಗಳು ಬೊಗಳಿದವು, ಅಷ್ಟೇ.

ಇಂದಿಗೂ ಆ ಕಡೆಯ ಕುರಿಗಾರ ಹೆಂಗಸರು ಹೊಳೆ ದಾಟಿದ ಮೇಲೆ ದಂಡೆಯಲ್ಲಿ ಸಾಲಾಗಿ ನಿಲ್ಲುತ್ತಾರೆ. ಹೋಗಿ ತಿರುಗಿ ಬಾರದವರನ್ನು ಹೆಸರು ಹಿಡಿದು ಕರೆಯುತ್ತಾರೆ, ಇವಳ ಮನೆಯವನನ್ನು ಅವಳು, ಅವಳ ಮಗನನ್ನು ಇವಳು. ಮೊದಲ ಹೆಸರು ಬರಮಪ್ಪನದು. ಅವನು ಯಾರು ಅಂತ ಎಷ್ಟೋ ಮಂದಿಗೆ ಗೊತ್ತಿಲ್ಲ. ಕರೆದಾದ ಮೇಲೆ ಒಂದು ವೀಳ್ಯದೆಲೆ ಜಗಿಯುವಷ್ಟು ಹೊತ್ತು ಕಾಯುತ್ತಾರೆ. ಅಷ್ಟು ಹೊತ್ತು ಯಾರೂ ಗಂಟು ಎಳೆದು ನಾಯಿ ಆಡಿಸುವುದಿಲ್ಲ, ಆಚೆಯಿಂದ ಯಾರಾದರೂ ಓಗೊಟ್ಟರೆ ಅದಕ್ಕಾದರೂ ಕೇಳಲಿ ಅಂತ.