ಬದುಕಿದ್ದವನ ದಿಬ್ಬ

ಸೊನ್ನಳಗಿಯ ಬಸ್ ನಿಲ್ದಾಣದಿಂದ ಹೊಳೆಯ ಕಡೆ ನಡೆದರೆ, ಇಟ್ಟಂಗಿ ಭಟ್ಟಿಗಳನ್ನು ದಾಟಿದ ಮೇಲೆ ಎಡಗಡೆ ಒಂದು ಮಣ್ಣಿನ ದಿಬ್ಬ ಸಿಗುತ್ತದೆ. ಮೇಲೊಂದು ಬನ್ನಿಮರ, ಅದರ ಬುಡದಲ್ಲೊಂದು ಚಪ್ಪಡಿಗಲ್ಲು. ನೋಡುವಂಥದ್ದು ಇಷ್ಟೇ. ಇಲ್ಲಿ ಮಹಾತ್ಮರೊಬ್ಬರು ಜೀವಂತ ಸಮಾಧಿ ಹೊಂದಿದರು ಎಂದು ಪಂಚಾಯತಿಯ ಫಲಕ ಹೇಳುತ್ತದೆ. ಯಾವ ಮಹಾತ್ಮರು ಎಂದು ಹೇಳುವುದಿಲ್ಲ. ಊರವರು ಫಲಕದ ಕಂಬಕ್ಕೆ ಎಮ್ಮೆ ಕಟ್ಟುತ್ತಾರೆ. ಅದರಿಂದ ಆಗುವ ಉಪಯೋಗ ಅದೊಂದೇ. ದಿಬ್ಬಕ್ಕೆ 'ಬದುಕಿದ್ದವನ ದಿಬ್ಬ' ಎಂಬ ಹೆಸರು ಬಂದ ಕತೆ ಶುರುವಾಗುವುದು ಒಂದು ಬೆಳ್ಳಿ ಗದೆಯ ಮೇಲಿನ ತಪ್ಪು ಕೆತ್ತನೆಯಿಂದ ಎನ್ನುತ್ತಾರೆ ಅವರು. ಆ ಗದೆ ಈಗ ಎಲ್ಲಿಯೂ ಇಲ್ಲ. ಸಂಸ್ಥಾನ ಹೋದಾಗ ಕರಗಿಸಿದರಂತೆ. ಐತಿಹ್ಯಗಳ ಸಾಕ್ಷಿಗಳು ಹೀಗೆ ಸರಿಯಾದ ಹೊತ್ತಿಗೆ ಕರಗಿಹೋಗುತ್ತವೆ.

ಹಿಂದೆ ಒಮ್ಮೆ ಸೊನ್ನಳಗಿಯಲ್ಲಿ ಸಣ್ಣದೊಂದು ಸಂಸ್ಥಾನವಿತ್ತು. ಅದರ ಕೀರ್ತಿಯೆಲ್ಲ ಅಲ್ಲಿನ ಕುಸ್ತಿಯದು. ಪ್ರತಿ ವರ್ಷ ಗೆದ್ದ ಪೈಲ್ವಾನನ ಹೆಸರನ್ನು ಬೆಳ್ಳಿಯ ಗದೆಯ ಮೇಲೆ ಕೆತ್ತುತ್ತಿದ್ದರು. ಆ ಗದೆಗಾಗಿ ಕೃಷ್ಣೆಯ ಆಚೆಯಿಂದಲೂ ಜಟ್ಟಿಗಳು ಬರುತ್ತಿದ್ದರು. ಊರಿನ ಗರಡಿಮನೆಯ ಉಸ್ತಾದ ಮಲಕಾಜಪ್ಪ. ಅವನ ಶಿಷ್ಯ ಲಗಮಪ್ಪ. ಉಸ್ತಾದನ ಮಗಳು ತುಂಗವ್ವನಿಗೂ ಲಗಮಪ್ಪನಿಗೂ ಮನಸ್ಸು ಕೂಡಿದ್ದು ಊರಿಗೆಲ್ಲ ಗೊತ್ತಿತ್ತು. ಗದೆ ಗೆದ್ದು ಬಾ, ಅಕ್ಕಿಕಾಳು ಹಾಕಿಸಿ ಮಗಳನ್ನು ಕೊಡುತ್ತೇನೆ ಎಂದು ಮಲಕಾಜಪ್ಪ ಮಾತು ಕೊಟ್ಟಿದ್ದ. ಅದು ಪ್ಲೇಗು ಬಂದು ಹೋದ ವರ್ಷ. ಉಸ್ತಾದನ ಗಂಡುಮಕ್ಕಳಿಬ್ಬರೂ ಅದರಲ್ಲಿ ಹೋಗಿದ್ದರು. ಊರಲ್ಲಿ ಹೆಣ ಬೀಳದ ಮನೆ ಇರಲಿಲ್ಲ. ಕುಸ್ತಿ ಮಾತ್ರ ನಿಲ್ಲಲಿಲ್ಲ. ಜನರಿಗೆ ಸಮಾಧಾನವಾಗಲಿ ಎಂದು ಅರಮನೆಯವರು ಇನ್ನೂ ಜೋರಾಗಿ ನಡೆಸಿದರು. ಜನರಿಗೆ ಏನು ಬೇಕೆಂಬುದು ಅರಮನೆಗಳಿಗೆ ಯಾವಾಗಲೂ ಗೊತ್ತಿರುತ್ತದೆ.

ಈ ಸೀಮೆಯಲ್ಲೊಂದು ಪದ್ಧತಿಯಿತ್ತು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅಂಗೈಯಗಲದ ಬೆಳ್ಳಿ ತಗಡಿನ ಮೇಲೆ ಅವರ ಹೆಸರು ಕೆತ್ತಿಸಿ, ಹೆಸರಿನ ಕೆಳಗೆ ಜೋಡಿ ಪಾದ ಬಿಡಿಸಿ, ದೇವರ ಜಗಲಿಯ ಮೇಲಿಡುತ್ತಿದ್ದರು. ಹೋದವರು ದಾರಿ ತಪ್ಪದೆ ಮುಟ್ಟಲಿ ಎಂದು ಪಾದ. ತಗಡು ಕೆತ್ತುವವನೂ ಗದೆ ಕೆತ್ತುವವನೂ ಒಬ್ಬನೇ, ಕಾಳಪ್ಪ ಪತ್ತಾರ. ಪ್ಲೇಗಿನ ತಿಂಗಳುಗಳಲ್ಲಿ ಅವನು ಬೇರೇನನ್ನೂ ಕೆತ್ತಿರಲಿಲ್ಲ. ಲಗಮಪ್ಪ ಎದುರಾಳಿಯನ್ನು ಚಿತ್ ಮಾಡಿದ ಸಂಜೆ ಗದೆಯನ್ನು ಕಾಳಪ್ಪನ ಮುಂದಿಟ್ಟರು. ಅವನು ಹೆಸರು ಕೆತ್ತಿದ. ಕೈ ಅಲ್ಲಿಗೆ ನಿಲ್ಲಲಿಲ್ಲ. ಹೆಸರಿನ ಕೆಳಗೆ ಜೋಡಿ ಪಾದ ಬಿಡಿಸಿ, ಉಜ್ಜಿ ಹೊಳಪು ಕೊಟ್ಟು, ಬಟ್ಟೆ ಮುಚ್ಚಿ ಅಖಾಡಕ್ಕೆ ಕಳಿಸಿದ. ಬಟ್ಟೆ ತೆಗೆದು ಗದೆಯನ್ನು ಎತ್ತಿ ಹಿಡಿದಾಗ ಮೊದಲು ಹಲಗೆ ವಾದ್ಯ ನಿಂತಿತು, ಆಮೇಲೆ ಜನ ನಿಂತರು.

ಲಗಮಪ್ಪನಿಗೆ ನಗು ಬಂತು. "ಸತ್ತಾಂವ ಹಿಂಗ ಬೆವರತಾನೇನು ಮಾವಾ?" ಎಂದು ಮಲಕಾಜಪ್ಪನನ್ನು ಕೇಳಿದ. ಉಸ್ತಾದನನ್ನು ಮಾವ ಎಂದು ಕರೆದದ್ದು ಅದೇ ಮೊದಲು. ಮಲಕಾಜಪ್ಪ ನಗಲಿಲ್ಲ. ಇಂಥದೇ ಪಾದಗಳು ಅವನ ಜಗಲಿಯ ಮೇಲೆ ಎರಡು ಜೊತೆ ಇದ್ದವು. "ನೀ ಬದುಕೀದಿ ಅಂತ ನನಗ ಕಾಣತೈತಿ ತಮ್ಮಾ. ಆದ್ರ ನನ್ನ ಮನ್ಯಾಗ ಇನ್ನೊಬ್ಬರನ್ನ ಕಳಕೊಳ್ಳೂ ಶಕ್ತಿ ಉಳದಿಲ್ಲ. ನನ್ನ ಮಗಳ ಕುಂಕುಮದ ಮ್ಯಾಲೆ ನಾ ಪಂದ್ಯ ಕಟ್ಟೂದಿಲ್ಲ" ಎಂದು ಎದ್ದುಹೋದ. ಲಗಮಪ್ಪ ಕಾಳಪ್ಪನನ್ನು ಹೊಡೆಯಲೆಂದೇ ಅವನ ಅಂಗಡಿಗೆ ಹೋದ. ಪತ್ತಾರ ಚಾಣ ಕೆಳಗಿಟ್ಟು, "ಹೆಸರು ಮುಗೀತಪ್ಪಾ, ಪಾದ ತಾವಾಗೇ ಬಂದುವು. ನಿನ್ನಿ ನನ್ನ ಮಗಳ ತಗಡು ಕೆತ್ತೀನಿ" ಎಂದ. ಎತ್ತಿದ ಕೈಯನ್ನು ಲಗಮಪ್ಪ ಏನು ಮಾಡಿದನೋ ಯಾರಿಗೂ ತಿಳಿಯದು. ಹೊಡೆಯಲಿಲ್ಲ ಎನ್ನುತ್ತಾರೆ.

ಕೆರೆದು ಅಳಿಸೋಣವೆಂದರೆ ಗದೆಯ ಒಳಗಿದ್ದದ್ದು ಕಟ್ಟಿಗೆ. ಮೇಲಿನ ಬೆಳ್ಳಿ ಹಾಳೆಯಷ್ಟು ತೆಳು, ಹರಿದುಹೋಗುತ್ತಿತ್ತು. ಆಗ ಸಂಸ್ಥಾನದ ಕಾರಭಾರಿ ಪರಿಹಾರ ಕಂಡುಹಿಡಿದ. ಕಚೇರಿಯಲ್ಲಿ ತಪ್ಪು ಬರೆದರೆ ಅದರ ಮೇಲೆ ಗೀಟು ಎಳೆಯುತ್ತೇವೆ, ಇಲ್ಲಿಯೂ ಎಳೆಯಿರಿ ಎಂದ. ಕಾಳಪ್ಪ ಅಳುತ್ತಲೇ ಪಾದಗಳ ಮೇಲೆ ಅಡ್ಡಡ್ಡ ಗೀಟು ಎಳೆದ. ಕಾರಭಾರಿಯ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಊರ ಮಟ್ಟಿಗೆ ಆಗ ಶುರುವಾಯಿತು. ಅಲ್ಲಿಯವರೆಗೆ ಲಗಮಪ್ಪ ಬರೀ ಸತ್ತವನಾಗಿದ್ದ. ಈಗ ಕಾಲು ಕಡಿಸಿಕೊಂಡ ಸತ್ತವನಾದ. ಅಂಥವನು ಊರು ಬಿಟ್ಟು ಹೋಗಲಾರ, ಇದ್ದವರನ್ನು ಹಿಡಿದುಕೊಳ್ಳುತ್ತಾನೆ. ಗರಡಿಯಲ್ಲಿ ಅವನೊಡನೆ ಕೈ ಮಿಲಾಯಿಸುವವರು ಇಲ್ಲವಾದರು. ಬಾವಿಯ ಹತ್ತಿರ ಅವನು ಬಂದರೆ ಹೆಂಗಸರು ಕೊಡ ಬಿಟ್ಟು ಸರಿಯುತ್ತಿದ್ದರು. ಎಲ್ಲರಿಗೂ ಅವನು ಬದುಕಿರುವುದು ಕಾಣುತ್ತಿತ್ತು. ಕಂಡದ್ದಕ್ಕಿಂತ ಕೆತ್ತಿದ್ದನ್ನು ನಂಬುವುದು ಆ ಕಾಲದವರ ರೋಗ ಮಾತ್ರವೇನಲ್ಲ. ಅವನು ಈ ದಿಬ್ಬಕ್ಕೆ ಬಂದು ಗುಡಿಸಲು ಹಾಕಿದ. ತುಂಗವ್ವನನ್ನು ಅದೇ ಊರಿನ ಒಬ್ಬ ಒಕ್ಕಲಿಗನಿಗೆ ಕೊಟ್ಟರು.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಮೈಯಲ್ಲಿ ಅಷ್ಟು ಕಸುವಿದ್ದವನು ಹೊಳೆ ದಾಟಿ ಬೇರೆ ಸಂಸ್ಥಾನಕ್ಕೆ ಏಕೆ ಹೋಗಲಿಲ್ಲ? ಅಲ್ಲಿ ಯಾರೂ ಗದೆ ನೋಡಿರಲಿಲ್ಲ. ಇದಕ್ಕೆ ಊರವರು ಕೊಡುವ ಉತ್ತರ ಹೀಗಿದೆ. ಅಮಾವಾಸ್ಯೆಗೆ ಹೆಂಗಸರು ತಮ್ಮ ಮನೆಯ ಸತ್ತವರಿಗಾಗಿ ಊರ ಹೊರಗೆ ಎಡೆ ಇಟ್ಟು ಬರುತ್ತಿದ್ದರು. ಮದುವೆಯಾದ ಮೇಲಿನ ಮೊದಲ ಅಮಾವಾಸ್ಯೆಯಂದು ತುಂಗವ್ವ ಅಣ್ಣಂದಿರ ಎಡೆ ಇಟ್ಟು, ಇನ್ನೊಂದು ಎಲೆಯನ್ನು ದಿಬ್ಬದ ಚಪ್ಪಡಿಯ ಮೇಲಿಟ್ಟಳು. ಗಂಡ ಕೇಳಿದ, "ಅದು ಯಾರಿಗೆ?" "ಸತ್ತವರಿಗೆ" ಎಂದಳು. ಲಗಮಪ್ಪ ಸತ್ತಿದ್ದಾನೆಂದು ತೀರ್ಮಾನ ಮಾಡಿದ್ದು ಊರೇ. ಯಾರೂ ಏನೂ ಹೇಳುವಂತಿರಲಿಲ್ಲ. ಎಡೆ ಇಟ್ಟವರು ತಿರುಗಿ ನೋಡಬಾರದು, ಸತ್ತವರು ಬೆನ್ನು ಕಂಡ ಮೇಲೇ ಬರುತ್ತಾರೆ ಎಂಬುದು ನೇಮ. ಅವಳು ನೋಡದೆ ಹೋಗುತ್ತಿದ್ದಳು. ಅವನು ಬಂದು ಉಣ್ಣುತ್ತಿದ್ದ. ವರ್ಷಗಳು ಹೀಗೇ ಹೋದವು. ಒಮ್ಮೆ ಮಾತ್ರ, ಬೆನ್ನು ಮಾಡಿ ನಿಂತೇ ಅವಳು "ಆರಾಮ ಅದೀಯೇನು?" ಎಂದು ಕೇಳಿದಳಂತೆ. ಅವನು ಮರದ ಹಿಂದೆಯೇ ಇದ್ದ. ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ, ಯಾರಾದರೂ ಕೇಳಿದ್ದರೆ, ಅದು ಸತ್ತವನಿಗೆ ಇಟ್ಟ ಎಡೆಯಾಗದೆ ಒಬ್ಬಳು ಗೃಹಿಣಿ ಪರಪುರುಷನಿಗೆ ತಂದ ಊಟವಾಗುತ್ತಿತ್ತು. ಹೊಳೆಯ ಆಚೆ ಅವನು ಬದುಕಬಹುದಿತ್ತು. ಈಚೆ ಸತ್ತಿದ್ದರೆ ಮಾತ್ರ ಅವಳು ಬರುತ್ತಿದ್ದಳು.

ತಲೆ ನೆರೆತ ಮೇಲೆ ಒಂದು ಅಮಾವಾಸ್ಯೆ ಅವಳು ಬಂದಾಗ ಹಿಂದಿನ ಎಲೆ ಒಣಗಿ ಅಲ್ಲೇ ಇತ್ತು, ಅನ್ನಕ್ಕೆ ಇರುವೆ ಹತ್ತಿದ್ದವು. ಅಂದು ತುಂಗವ್ವ ತಿರುಗಿ ನೋಡಿದಳು, ಗುಡಿಸಲಿನ ಒಳಗೂ ಹೋದಳು. ಆಮೇಲೆ ಊರೊಳಗೆ ಬಂದು ಕಟ್ಟೆಯ ಮೇಲೆ ಕುಳಿತವರಿಗೆ, "ದಿಬ್ಬದ ಮ್ಯಾಲಿನಾಂವ ಹೋಗ್ಯಾನ. ಮಣ್ಣು ಕೊಡಬರ್ರಿ" ಎಂದಳು. "ಅಂವ ಎಂದೋ ಸತ್ತಿದ್ನಲ್ಲ ಯವ್ವಾ" ಎಂದನಂತೆ ಒಬ್ಬ. "ಇಲ್ಲ" ಎಂದಳು ಅವಳು, ಗಂಡ ಮಕ್ಕಳು ಕೇಳುವಂತೆ. "ಇಷ್ಟ ದಿನ ಬದುಕಿದ್ದ. ನಾ ಉಣಿಸೀನಿ." ದಿಬ್ಬದ ಹೆಸರು ಆ ಮಾತಿನಿಂದ ಬಂದದ್ದು ಎನ್ನುತ್ತಾರೆ. ಅವನ ಹೆಸರಿನ ತಗಡನ್ನು ಯಾರೂ ಮಾಡಿಸಲಿಲ್ಲ. ಒಮ್ಮೆ ಕೆತ್ತಿ ಆಗಿತ್ತಲ್ಲ.

ಇದರಲ್ಲಿ ಎಷ್ಟು ನಿಜವೋ ಹೇಳಲಾಗದು. ಪೈಲ್ವಾನನೇ ಇರಲಿಲ್ಲವೆಂದು ವಾದಿಸುವುದು ಕಷ್ಟವೇನಲ್ಲ. ಆದರೆ ಅಮಾವಾಸ್ಯೆಯ ದಿನ ಇಲ್ಲಿಗೆ ಬಂದವರಿಗೆ ಇವತ್ತಿಗೂ ಕಾಣುವುದೊಂದಿದೆ. ಸುತ್ತಲಿನ ಯಾವ ಊರಿನಲ್ಲಿಯೂ ಸತ್ತವರ ಎಡೆಗೆ ಉಪ್ಪು ಹಾಕುವುದಿಲ್ಲ. ಈ ಚಪ್ಪಡಿಯ ಮೇಲೆ ಹೆಂಗಸರು ಇಡುವ ಅನ್ನ ಸಾರಿಗೆ ಉಪ್ಪು ಹಾಕಿರುತ್ತಾರೆ, ಎಲೆಯ ಬದಿಗೆ ಇನ್ನೊಂದು ಚಿಟಿಕೆ ಇಟ್ಟಿರುತ್ತಾರೆ. ಯಾಕೆಂದು ಕೇಳಿದರೆ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಸಪ್ಪನ್ನದು ಹೆಂಗ ಉಣತಾನ್ರಿ?" ಎನ್ನುತ್ತಾರೆ.