ಭಾನುವಾರದ ಲಂಗಗಳು

ಹಾಲೆಂಡಿನ ಗಡಿಯಲ್ಲೊಂದು ಪುಟ್ಟ ಹಳ್ಳಿಯಂತೆ. ಗಡಿಯಾಚೆಯಿಂದ ಬಂದು ಹಾಲು ಕರೆಯುತ್ತಿದ್ದ ತ್ರೀನಾ, ತಾನು ಬಾಡಿಗೆಗಿದ್ದ ಮನೆಯನ್ನೇ ಕೊಳ್ಳಹೊರಟಳು.

ಊರ ಯಜಮಾನ ಮೀಸೆ ತೀಡಿದ. "ಹೊರಗಿನವರು ಇಲ್ಲಿ ಮನೆ ಕೊಳ್ಳಬೇಕಾದರೆ, ಇವಳನ್ನು ಬಲ್ಲೆವು ಅಂತ ಊರಿನ ಐದು ಜನ ಬರೆದುಕೊಡಲಿ. ಸೋಮವಾರದೊಳಗೆ ಬರದಿದ್ದರೆ ಗಂಟುಮೂಟೆ ಕಟ್ಟು."

ಏಳು ವರ್ಷದಲ್ಲಿ ಪಕ್ಕದ ಮನೆಯವರೂ ಅವಳನ್ನು ಮಾತಾಡಿಸಿರಲಿಲ್ಲ. ಬರೆದುಕೊಡುವವರು ಯಾರು?

ಆ ಊರಲ್ಲಿ ಭಾನುವಾರ ಬಟ್ಟೆ ಒಣಹಾಕುವುದು ಮಹಾಪಾಪ. ತ್ರೀನಾ ಭಾನುವಾರ ಬೆಳಗ್ಗೆಯೇ ಬೀದಿಗೆ ಕಾಣುವಂತೆ ಲಂಗಗಳನ್ನೆಲ್ಲ ಹಗ್ಗಕ್ಕೆ ಹಾಕಿ, ಒಳಗೆ ಕೂತು ಕಾಫಿ ಕುಡಿದಳು.

ಸೋಮವಾರ ಯಜಮಾನನ ಮೇಜಿನ ಮೇಲೆ ಹನ್ನೊಂದು ದೂರುಪತ್ರ!

"ಏನೇ ಇದು?" ತ್ರೀನಾಳನ್ನು ಕರೆಸಿ ಗುಡುಗಿದ.

"ಐದು ಕೇಳಿದ್ರಿ, ಹನ್ನೊಂದು ಬಂದಿವೆ ಸ್ವಾಮಿ. ನನ್ನ ಹೆಸರು, ಮನೆ, ಲಂಗದ ಬಣ್ಣ ಎಲ್ಲಾ ಬಲ್ಲವರು. ಮೇಲಿನದು ನಿಮ್ಮ ಮನೆಯವರದ್ದೇ."

ಹೆಂಡತಿ ಬರೆದದ್ದನ್ನು ಸುಳ್ಳೆಂದು ಊಟ ಕಳಕೊಳ್ಳುವವರುಂಟೇ? ಯಜಮಾನ ತೆಪ್ಪಗೆ ಮನೆಪತ್ರಕ್ಕೆ ಮುದ್ರೆ ಒತ್ತಿದ.

ತ್ರೀನಾ ತನ್ನದೇ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಉಸ್ಸಪ್ಪಾ ಅಂದಳು.